ಹಲಗೆ ನೆಲಕ್ಕೆ ಮೆತ್ತಿದ ಪಾಲಿಷ್

ಹಾರಂಗಿಗೆ ಬರುವವರು ನೋಡುವುದು ಅಣೆಕಟ್ಟೆಯನ್ನು. ಕುಶಾಲನಗರದಿಂದ ಸುಮಾರು 9 ಕಿ.ಮೀ. ದೂರದ ಹುದುಗೂರಿನ ಬಳಿ 1982ರಲ್ಲಿ ಕಟ್ಟಿ ಮುಗಿಸಿದ, ಎಂಟೂವರೆ ಟಿ.ಎಂ.ಸಿ. ಅಡಿ ನೀರು ಹಿಡಿಯುವ ಜಲಾಶಯವಿದು. ನೀರಿನ ಸುತ್ತಲಿನ ಕಾಡು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಮರಗಳ ಸೀಮೆಯಿದು. ಇಲ್ಲಿಂದ ದೂರವಲ್ಲದ ದುಬಾರೆ ಶಿಬಿರದ ಆನೆಗಳಿಗೆ ಒಂದು ಕಾಲಕ್ಕೆ ದಿಮ್ಮಿ ಎಳೆಯುವುದೇ ಕಾಯಕವಾಗಿತ್ತು. ಹಾಗೆ ಕಾಡಿನಿಂದ ಹೊರಬಿದ್ದ ಮರದಲ್ಲಿ ಒಂದಿಷ್ಟು ಕೊಡಗಿನ ಮನೆಗಳ ಕಂಬ, ಕಿಟಕಿ, ಅಟ್ಟವಾಗಿ, ಕೆಲವೆಡೆ ನೆಲವಾಗಿ ಇಂದಿಗೂ ಉಳಿದಿದೆ. ಆ ನೆಲದ ಮೇಲೆ ವರ್ಷಾನುಗಟ್ಟಲೆ ಕೂತಿರುವ ಪಾಲಿಷ್‌ಗೂ ಒಂದು ಚರಿತ್ರೆಯಿದೆ.

ಕೊಡವರ ಐನ್‌ಮನೆ ಎಂದೊಡನೆ ಮರದ ಕೆತ್ತನೆ ನೆನಪಾಗುತ್ತದೆ. ಆದರೆ ಹಳೆಯ ಐನ್‌ಮನೆಯ ನೆಲ ಸಗಣಿ ಸಾರಿಸಿದ ಮಣ್ಣಿನದು. ಮರವೇನಿದ್ದರೂ ಕಂಬ, ಬಾಗಿಲು, ಅಟ್ಟದ ಹಲಗೆಗಳಲ್ಲಿ. ಜಗಲಿಯ ಕಂಬಗಳ ನಡುವೆ ಕೂರಲೆಂದು ಹಾಕಿದ ದಪ್ಪ ಹಲಗೆಗೆ ಯಾವ ಪಾಲಿಷ್ಷೂ ಬೇಕಿರಲಿಲ್ಲ. ತಲೆಮಾರುಗಟ್ಟಲೆ ಜನ ಕೂತು ಎದ್ದೇ ಅದು ಕನ್ನಡಿಯಂತಾಯಿತು. ನಡೆಯುವ ನೆಲಕ್ಕೇ ಹಲಗೆ ಹಾಸಿ ಅದನ್ನು ಮಿರುಗಿಸುವ ಪದ್ಧತಿ ಹೆಚ್ಚಾಗಿ ಬಂಗಲೆಗಳ ಜೊತೆ ಬಂತು. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಅದರ ಬೆನ್ನಿಗೇ ತೋಟದ ದೊರೆಗಳ ಬಂಗಲೆಗಳು, ಅವುಗಳ ಮಹಡಿಗೆ ತೇಗ-ಬೀಟೆಯ ಹಲಗೆ. ಇಂದಿನ ಕುಶಾಲನಗರ ಆಗ ಫ್ರೇಜರ್‌ಪೇಟೆ.

ಹಾಸಿದ ನೆಲವನ್ನು ಕಾಯುವುದು ಹೇಗೆ? ಈ ಪ್ರಶ್ನೆ ಇಲ್ಲಿಯವರಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ರೇಸಿನ್ ಊರಿನಲ್ಲಿ ಸ್ಯಾಮ್ಯುಯೆಲ್ ಕರ್ಟಿಸ್ ಜಾನ್ಸನ್ 1886ರಲ್ಲಿ ಮರದ ನೆಲ ಹಾಸುವ ವ್ಯಾಪಾರವೊಂದನ್ನು ಕೊಂಡ. ನೆಲ ಹಾಸಿಸಿಕೊಂಡ ಗಿರಾಕಿಗಳು ಇದನ್ನು ಒರೆಸುವುದು ಹೇಗೆಂದು ಕೇಳತೊಡಗಿದರು. ಆತ ಮೇಣದ ಪಾಲಿಷ್ ಮಾಡಿ ಕೊಟ್ಟ. ಕೆಲವೇ ವರ್ಷಗಳಲ್ಲಿ ನೆಲಕ್ಕಿಂತ ಮೇಣವೇ ಹೆಚ್ಚು ಮಾರಾಟವಾಯಿತು. ಮರ ಮಾರುವವನಿಗಿಂತ ಮರಕ್ಕೆ ಬಳಿಯುವುದನ್ನು ಮಾರುವವನೇ ಗೆದ್ದ!

ಕೊಡಗಿಗಂತೂ ಮೇಣ ಹೊರಗಿನಿಂದ ಬರಬೇಕಾಗಿರಲಿಲ್ಲ. ಜೇನಿನ ನಾಡಿದು. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿದ್ದು 1936ರಲ್ಲಿ, ಹೆಸರಿನಲ್ಲೇ ಮೇಣವಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ತುಡುವೆ ಜೇನಿನ ಕುಟುಂಬಗಳನ್ನು ಅಳಿಸಿಹಾಕಿದ್ದು ಇಲ್ಲಿಯ ಜೇನು ಕೃಷಿಕರು ಮರೆಯಲಾಗದ ಪೆಟ್ಟು. ಜೇನುಮೇಣವನ್ನು ಟರ್ಪೆಂಟೈನ್ ಎಣ್ಣೆಯಲ್ಲಿ ಕರಗಿಸಿ ತಿಕ್ಕುವುದು ಮರದ ನೆಲದ ಅತಿ ಹಳೆಯ, ಅತಿ ಸಾಧು ಉಪಚಾರ.

ಇನ್ನೊಂದು ಅರಗು. ಅರಗಿನ ಮನೆಯ ಕತೆ ಕೇಳದ ಕನ್ನಡಿಗರಿಲ್ಲ. ಮುತ್ತುಗ, ಬೋರೆಯಂಥ ಮರಗಳ ಕೊಂಬೆಯ ಮೇಲೆ ಒಂದು ಸಣ್ಣ ಕೀಟ ಸ್ರವಿಸುವ ಅಂಟು ಅದು. ಚೆನ್ನಪಟ್ಟಣದ ಬೊಂಬೆಗೆ ಬಣ್ಣವೂ ಹೊಳಪೂ ಬರುವುದು ಅದರಿಂದಲೇ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ತೆಳುವಾಗಿ ಪದರದ ಮೇಲೆ ಪದರ ಹಚ್ಚಿದರೆ ನಮ್ಮ ಬಡಗಿಗಳು ಹೇಳುವ ಸ್ಪಿರಿಟ್ ಪಾಲಿಷ್. ನೋಡಲು ಬಲು ಚೆಂದ. ನೀರು ಬಿದ್ದರೆ ಬಿಳಿ ಕಲೆ. ಮುಂಗಾರಿನಲ್ಲಿ ತಿಂಗಳುಗಟ್ಟಲೆ ಗೋಡೆಯೇ ಬೆವರುವ ಜಿಲ್ಲೆಯಲ್ಲಿ ಇದು ಸಣ್ಣ ದೋಷವಲ್ಲ.

ಆಮೇಲೆ ಡಬ್ಬಿ ಪಾಲಿಷ್‌ಗಳ ಕಾಲ. ಕೆಂಪು ಕಾವಿ ನೆಲಕ್ಕೆ ಮ್ಯಾನ್ಷನ್ ಪಾಲಿಷ್ ತಿಕ್ಕಿದ ನೆನಪು ಹಿರಿಯರಿಗೆ ಇದ್ದೇ ಇದೆ. ಸಿಮೆಂಟಿಗೆ ಅದು ಸರಿ. ಅದೇ ಬಟ್ಟೆ ಮಹಡಿಯ ಹಲಗೆಗೂ ಹತ್ತಿದರೆ ಕೆಂಪು ಬಣ್ಣ ಸಂದುಸಂದಿನಲ್ಲಿ ಕೂರುತ್ತದೆ. ಪಾಲಿಯುರೆಥೇನನ್ನು ಜರ್ಮನಿಯ ಒಟ್ಟೊ ಬಾಯರ್ 1937ರಲ್ಲಿ ರೂಪಿಸಿದ. ಅದರಿಂದ ಬಂದ ವಾರ್ನಿಷ್ ಮರದ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಅದಕ್ಕೆ ಪಾಲಿಷ್ ಬೇಕೇ ಇಲ್ಲ. ಆದರೂ ಅಭ್ಯಾಸಬಲದಿಂದ ಅದರ ಮೇಲೂ ಮೇಣ, ಇಲ್ಲವೇ ನೀರಿಗೆ ಬೆರೆಸಿ ಒರೆಸುವ ಅಕ್ರಿಲಿಕ್ ಪಾಲಿಷ್ ಬೀಳುತ್ತದೆ. ಪ್ರತಿ ಸಲವೂ ಹಳೆಯ ಪದರದ ಮೇಲೆ ಹೊಸದು, ನಡುವೆ ಧೂಳು. ಕೊನೆಗೆ ಹೊಳಪೆಲ್ಲ ಹೋಗಿ, ಕಾಲಿಟ್ಟರೆ ಗುರುತು ಮೂಡುವ ಮಬ್ಬು ಜಿಡ್ಡು ಉಳಿಯುತ್ತದೆ. ಮರ ಹಾಳಾಯಿತೆಂದು ಮನೆಯವರು ತಿಳಿಯುತ್ತಾರೆ. ಹಾಳಾಗಿರುವುದು ಮರವಲ್ಲ.

ತೆಗೆಯುವ ಮೊದಲು ಮೇಲಿರುವುದು ಏನೆಂದು ತಿಳಿಯಬೇಕು. ಬೀರುವಿನ ಹಿಂದೆಯೋ ಮೂಲೆಯಲ್ಲೋ ಕಣ್ಣಿಗೆ ಬೀಳದ ಕಡೆ ಪರೀಕ್ಷೆ ಮಾಡಿದರಾಯಿತು. ಹತ್ತಿಯ ತುಂಡಿಗೆ ಟರ್ಪೆಂಟೈನ್ ತಾಗಿಸಿ ತಿಕ್ಕಿದಾಗ ಅದಕ್ಕೆ ಹಳದಿ-ಕಂದು ಜಿಡ್ಡು ಹತ್ತಿದರೆ ಅಲ್ಲಿರುವುದು ಮೇಣ. ಸ್ಪಿರಿಟ್ಟಿನ ಒಂದೆರಡು ಹನಿಗೆ ಬೇಗನೆ ಮೆತ್ತಗಾಗಿ ಬೆರಳಿಗೆ ಅಂಟಿದರೆ ಬಹುಪಾಲು ಅರಗು. ಎರಡಕ್ಕೂ ಜಗ್ಗದೆ, ಅಮೋನಿಯಾ ಬೆರೆಸಿದ ನೀರಿಗೆ ಬೆಳ್ಳಗಾಗಿ ಸಡಿಲಗೊಂಡರೆ ಅಕ್ರಿಲಿಕ್. ಯಾವುದಕ್ಕೂ ಬಗ್ಗದಿದ್ದರೆ ತಳದ ವಾರ್ನಿಷ್ ಎಂದು ತಿಳಿದು ಅದರ ತಂಟೆಗೆ ಹೋಗದಿರುವುದೇ ಲೇಸು.

ಮೇಣವಾದರೆ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೂರು ಅಡಿಯಷ್ಟು ಜಾಗವನ್ನು ಮಾತ್ರ ಒಂದು ಸಲಕ್ಕೆ ತೆಗೆದುಕೊಳ್ಳಬೇಕು. ಹಚ್ಚಿ, ಕೆಲವು ನಿಮಿಷ ಬಿಟ್ಟು, ಕರಗಿದ್ದನ್ನು ಒಣ ಬಟ್ಟೆಯಿಂದ ಎತ್ತಿಬಿಡಬೇಕು. ಎತ್ತುವುದು ಮುಖ್ಯ, ಸುಮ್ಮನೆ ತಿಕ್ಕುತ್ತಲೇ ಇದ್ದರೆ ಜಿಡ್ಡು ಪಕ್ಕಕ್ಕೆ ಹರಡುತ್ತದೆ, ಅಷ್ಟೆ. ಸಂದಿನಲ್ಲಿ ಕೂತದ್ದಕ್ಕೆ ಚೂಪು ಮಾಡಿದ ಬಿದಿರು ಕಡ್ಡಿ ಸಾಕು, ಉಳಿ ಬೇಡ. ಬಟ್ಟೆ ಮಲಿನವಾಗುವುದು ನಿಲ್ಲುವವರೆಗೆ ಇದನ್ನೇ ಮಾಡುತ್ತಿರಬೇಕು. ಬೇಸರದ ಕೆಲಸ, ನಿಜ. ಒಂದು ಕೋಣೆಗೆ ಎರಡು ದಿನ ಹಿಡಿದರೂ ಆಶ್ಚರ್ಯವಿಲ್ಲ.

ಅಕ್ರಿಲಿಕ್ಕಿನ ವಿಷಯ ಬೇರೆ. ಇಂಥ ಹಲವು ಪಾಲಿಷ್‌ಗಳಲ್ಲಿ ಅಕ್ರಿಲಿಕ್ ಎಳೆಗಳನ್ನು ಸತುವಿನ ಕಣಗಳು ಒಂದಕ್ಕೊಂದು ಕಟ್ಟಿರುತ್ತವೆ. ಅಮೋನಿಯಾ ಆ ಸತುವನ್ನು ತನ್ನತ್ತ ಸೆಳೆದುಕೊಂಡಾಗ ಕಟ್ಟು ಬಿಚ್ಚಿ ಪೊರೆ ಏಳುತ್ತದೆ. ಇದು ವಾರ್ನಿಷ್ ಪೊರೆ ಗಟ್ಟಿಯಾಗಿರುವ ನೆಲಕ್ಕೆ ಮಾತ್ರ. ತಳದಲ್ಲಿ ಅರಗು ಇದ್ದರೆ ಅಮೋನಿಯಾ ಅದನ್ನೂ ಕರಗಿಸುತ್ತದೆ. ಬರಿಯ ಮರಕ್ಕೆ ತಾಗಿದರೆ ಟ್ಯಾನಿನ್ ಇರುವ ಮರ ಕಪ್ಪಾಗುತ್ತದೆ. ನೆಲದ ಮೇಲೆ ನೀರು ನಿಲ್ಲಬಾರದು, ಕಿಟಕಿ ತೆರೆದಿರಬೇಕು, ಅಮೋನಿಯಾ ಇರುವ ಬಕೆಟ್ಟಿಗೆ ಬ್ಲೀಚಿಂಗ್ ಪೌಡರ್ ಎಂದೂ ಸೇರಬಾರದು, ವಿಷಗಾಳಿ ಏಳುತ್ತದೆ.

ಅರಗಿನ ನೆಲವನ್ನು ಪೂರ್ತಿ ತೆಗೆಯಬೇಕಾದ ಪ್ರಮೇಯವೇ ಕಡಿಮೆ. ಮೇಲಿನ ಮೇಣ ತೆಗೆದ ಮೇಲೆ ತೆಳುವಾದ ಹೊಸ ಅರಗು ಹಚ್ಚಿದರೆ ಅದರ ಸ್ಪಿರಿಟ್ಟು ಹಳೆಯದನ್ನು ಕೊಂಚ ಕರಗಿಸಿ ಎರಡೂ ಒಂದಾಗುತ್ತವೆ. ಎಲ್ಲ ಪೊರೆಗಳಿಗೂ ಈ ಗುಣ ಇಷ್ಟು ಸುಲಭಕ್ಕೆ ಬಾರದು.

ಇಷ್ಟೆಲ್ಲ ತಾಪತ್ರಯ ಯಾಕೆ, ಉಜ್ಜುವ ಯಂತ್ರ ತರಿಸಿದರೆ ಅರ್ಧ ದಿನದ ಕೆಲಸ ಎನ್ನುವವರು ಇದ್ದಾರೆ. ಹಳೆಯ ಬಂಗಲೆಗಳು ಹೋಂಸ್ಟೇಗಳಾಗುತ್ತಿರುವ ಈ ದಿನಗಳಲ್ಲಿ ಆ ಮಾತಿಗೆ ಬೆಲೆಯೂ ಹೆಚ್ಚು. ಯಂತ್ರ ಜಿಡ್ಡನ್ನೂ ತೆಗೆಯುತ್ತದೆ, ಅದರಡಿಯ ಮರವನ್ನೂ ತೆಗೆಯುತ್ತದೆ. ಬೆಳಕಿಗೂ ಗಾಳಿಗೂ ಒಡ್ಡಿಕೊಂಡು ನೂರು ವರ್ಷಕ್ಕೆ ಬಂದ ಬಣ್ಣ ಮೇಲುಮೇಲಿನದು. ಒಂದು ಸುತ್ತಿಗೆ ಹೊರಟುಹೋಗುತ್ತದೆ. ಹೋದ ಹಲಗೆಗೆ ಬದಲಿ ತರುವುದಂತೂ ಇನ್ನೂ ಕಷ್ಟ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಜಾತಿಯ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲಿವೆ. ಕೊಡಗಿನಲ್ಲಿ 'ರಿಡೀಮ್' ಆಗದ ಜಮೀನಾದರೆ, ತೋಟ ನಿಮ್ಮದಾದರೂ ಅಲ್ಲಿನ ಮರದ ಮೇಲೆ ಸರ್ಕಾರದ ಹಕ್ಕಿದೆ. ಹಿತ್ತಿಲಲ್ಲಿ ಬೀಟೆ ನಿಂತಿದೆಯೆಂದು ನೆಲದ ಹಲಗೆಗೆ ಅದನ್ನು ಕಡಿಯುವಂತಿಲ್ಲ.

ಕೆಲಸಕ್ಕೆ ಮಳೆ ಬಿಟ್ಟ ಮೇಲಿನ ದಿನಗಳೇ ಸರಿ, ಡಿಸೆಂಬರಿನಿಂದ ಮಾರ್ಚ್‌ವರೆಗೆ. ಮಳೆಗಾಲದ ಹಲಗೆ ತೇವ ಕುಡಿದು ಉಬ್ಬಿರುತ್ತದೆ. ಆಗ ಹಚ್ಚಿದ ಹೊಸ ಮೇಣ ಮಬ್ಬಾಗುತ್ತದೆ. ಟರ್ಪೆಂಟೈನು, ಸ್ಪಿರಿಟ್ಟು ಎರಡೂ ಬೆಂಕಿಯ ವಸ್ತುಗಳು, ಒಲೆ ಮತ್ತು ಬೀಡಿ ದೂರವಿರಲಿ. ಕೊನೆಗೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯದೆ ಹೊರಗೆ ಹರವಿ ಒಣಗಿಸಬೇಕು. ಎಣ್ಣೆ ಗಾಳಿಯೊಡನೆ ಬೆರೆಯುವಾಗ ಕಾವು ಹುಟ್ಟಿ, ಕಡ್ಡಿ ಗೀರದೆಯೂ ಅವು ಹೊತ್ತಿಕೊಳ್ಳುವುದುಂಟು.