ತಡವಾಗಿ ಕಾಲೇಜಿನ ಮೆಟ್ಟಿಲೇರಿದವರು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ನಡೆನುಡಿಯ ವಿಷಯದಲ್ಲಿ ಈ ಮಾತು ನಿಜವಿರಬಹುದು. ಆದರೆ ಇದನ್ನೇ ವಿದ್ಯೆಯ ವಿಷಯಕ್ಕೂ ಎಳೆತಂದು, ಇಪ್ಪತ್ತು ದಾಟಿದವರು ಕಾಲೇಜಿಗೆ ಹೊರಟರೆ “ಇನ್ನು ನಿನಗೇನು ಓದು?” ಎನ್ನುವ ರೂಢಿ ನಮ್ಮ ಮನೆಗಳಲ್ಲಿದೆ. ಬಹಳ ಕಾಲ ಚರಿತ್ರೆಯ ಪಾಠ ಹೇಳಿದ ನನಗೆ ಈ ರೂಢಿಗೆ ಚರಿತ್ರೆಯ ಆಧಾರವೇನೂ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಕಾಲೇಜು ಶಿಕ್ಷಣವು ಬೇರೂರಿದ ಕಾಲದಲ್ಲಿ ಬಹು ಮುಖ್ಯವಾದ ಕೆಲಸ ಮಾಡಿದ ಹಲವರು ತಡವಾಗಿಯೇ ಕಾಲೇಜಿನ ಮೆಟ್ಟಿಲೇರಿದವರು. ಅಂಥ ಕೆಲವರ ಕಥೆಯನ್ನು ಇಲ್ಲಿ ನೆನೆಯಬೇಕೆಂದಿದ್ದೇನೆ.

ಓದಿಗೆ ಇಂತಿಷ್ಟೇ ವಯಸ್ಸು ಎಂಬ ಲೆಕ್ಕ ನಾವು ತಿಳಿದಷ್ಟು ಹಳೆಯದಲ್ಲ. ನಮ್ಮ ಕೂಲಿಮಠಗಳಲ್ಲಿ ಜನ್ಮದಿನಾಂಕದ ದಾಖಲೆಯನ್ನು ಯಾರೂ ಕೇಳುತ್ತಿರಲಿಲ್ಲ. 1857ರಲ್ಲಿ ಕಲ್ಕತ್ತೆ, ಮುಂಬಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದ ಮೇಲೆ ಪರೀಕ್ಷೆ, ಅರ್ಜಿ, ಪ್ರಮಾಣಪತ್ರಗಳ ಜೊತೆಗೆ ವಯಸ್ಸೂ ಕಾಗದದ ಮೇಲೆ ಬಂದು ಕುಳಿತಿತು. ಆಗಲೂ ಒಂದೇ ತರಗತಿಯಲ್ಲಿ ಬೇರೆ ಬೇರೆ ವಯಸ್ಸಿನವರಿರುವುದು ಯಾರಿಗೂ ವಿಚಿತ್ರವೆನಿಸಲಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಮೊದಲ ಬಿ.ಎ. ಪದವೀಧರರು ಹೊರಬಂದದ್ದು 1862ರಲ್ಲಿ. ಅವರಲ್ಲಿ ಮಹಾದೇವ ಗೋವಿಂದ ರಾನಡೆಯವರಿಗೆ ಇಪ್ಪತ್ತು ವರ್ಷ. ಅವರೊಡನೆಯೇ ಪದವಿ ಪಡೆದ ರಾಮಕೃಷ್ಣ ಗೋಪಾಲ ಭಾಂಡಾರಕರರು ರಾನಡೆಯವರಿಗಿಂತ ಸುಮಾರು ಐದು ವರ್ಷ ಹಿರಿಯರು. ಮುಂದೆ ಅವರು ಸಂಸ್ಕೃತ ವಿದ್ವತ್ತಿನಲ್ಲಿ ಜಗತ್ಪ್ರಸಿದ್ಧರಾದುದಕ್ಕೆ ಆ ಐದು ವರ್ಷಗಳು ಅಡ್ಡಿಯಾಗಲಿಲ್ಲ.

ವಯಸ್ಸಿನ ಲೆಕ್ಕ ಎಷ್ಟು ತೊಡಕು ತರಬಲ್ಲುದೆಂಬುದಕ್ಕೆ ಸುರೇಂದ್ರನಾಥ ಬ್ಯಾನರ್ಜಿಯವರ ಪ್ರಕರಣ ಪ್ರಸಿದ್ಧವಾದುದು. 1869ರಲ್ಲಿ ಅವರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ವಯಸ್ಸು ಮೀರಿದೆಯೆಂಬ ಆಕ್ಷೇಪ ಬಂದು ಅವರ ಹೆಸರನ್ನು ತೆಗೆದುಹಾಕಿದರು. ಮೆಟ್ರಿಕ್ಯುಲೇಷನ್ ವೇಳೆಗೆ ಅವರ ವಯಸ್ಸನ್ನು ನಮ್ಮ ದೇಶದ ಪದ್ಧತಿಯಂತೆ ಎಣಿಸಿ ಬರೆಸಿದ್ದುದೇ ಈ ಗೊಂದಲಕ್ಕೆ ಕಾರಣ. ಅವರು ಲಂಡನ್ನಿನ ನ್ಯಾಯಾಲಯದ ಮೊರೆಹೊಕ್ಕು ತಮ್ಮ ಸ್ಥಾನವನ್ನು ಮರಳಿ ಪಡೆದರು. ಮುಂದೆ 1876ರಲ್ಲಿ ಅದೇ ಪರೀಕ್ಷೆಯ ಗರಿಷ್ಠ ವಯೋಮಿತಿಯನ್ನು 21ರಿಂದ 19ಕ್ಕೆ ಇಳಿಸುವ ನಿರ್ಧಾರವಾದಾಗ, ಇದು ಭಾರತೀಯರಿಗೆ ಬಾಗಿಲು ಮುಚ್ಚುವ ಉಪಾಯವೆಂದು ದೇಶವೆಲ್ಲ ಸುತ್ತಿ ಸಾರಿದವರೂ ಅವರೇ. ವಯಸ್ಸಿನ ಮಿತಿಯು ಒಮ್ಮೊಮ್ಮೆ ಅರ್ಹತೆಯ ಅಳತೆಗಿಂತ ಹೆಚ್ಚಾಗಿ ತಡೆಗೋಡೆಯಾಗಿಯೇ ಕೆಲಸ ಮಾಡುತ್ತದೆ.

ಆ ಕಾಲದ ವಿದ್ಯಾರ್ಥಿಗಳಿಗೆ ತಡವಾಗುತ್ತಿದ್ದುದೇಕೆ? ಮೊದಲು ದೇಶಭಾಷೆಯ ಶಾಲೆಯನ್ನು ಮುಗಿಸಿ, ಆಮೇಲೆ ಇಂಗ್ಲಿಷನ್ನು ಮೊದಲಿನಿಂದ ಕಲಿಯಬೇಕಾಗಿತ್ತು. ಇಂಗ್ಲಿಷ್ ಶಾಲೆಗಳಿದ್ದುದು ಜಿಲ್ಲಾ ಕೇಂದ್ರಗಳಲ್ಲಿ. ಕಾಲೇಜುಗಳಿದ್ದುದು ಒಂದೆರಡು ಮಹಾನಗರಗಳಲ್ಲಿ. ಊಟವಸತಿಗೆ ಹಣವಿಲ್ಲದವರು ನಡುವೆ ದುಡಿದು ಮತ್ತೆ ಓದಬೇಕಿತ್ತು. ಇನ್ನು ಹೆಣ್ಣುಮಕ್ಕಳ ಪಾಡು ಬೇರೆಯೇ. ಬಾಲ್ಯವಿವಾಹ ಮತ್ತು ಬಾಲವೈಧವ್ಯಗಳು ಅವರ ಓದುವ ವಯಸ್ಸನ್ನೆಲ್ಲ ನುಂಗಿಬಿಡುತ್ತಿದ್ದವು.

ಈ ಎಲ್ಲ ಕಾರಣಗಳೂ ಒಂದೇ ಜೀವನದಲ್ಲಿ ಸಂಧಿಸಿದುದನ್ನು ಕಾಣಬೇಕಾದರೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ನೆನೆಯಬೇಕು. ಅವರು ಹುಟ್ಟಿದ್ದು 1858ರ ಏಪ್ರಿಲ್ 18ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯಲ್ಲಿ. ಅವರ ಮನೆತನದ ಊರು ಸಮುದ್ರತೀರದ ಮುರುಡ. ಒಂದು ಕಾಲಕ್ಕೆ ಅನುಕೂಲವಾಗಿದ್ದ ಮನೆತನ ಆಗ ಬಡತನಕ್ಕೆ ಇಳಿದಿತ್ತು. ಅಂದು ಸಣ್ಣ ಸರ್ಕಾರಿ ನೌಕರಿಗೂ ಶಾಲಾ ಮಾಸ್ತರಿಕೆಗೂ ದಾರಿಯಾಗಿದ್ದ ಪರೀಕ್ಷೆಯೊಂದಕ್ಕೆ ಕೂರಲು ಈ ಹುಡುಗ ಮಳೆಯಲ್ಲಿ ಸಹ್ಯಾದ್ರಿಯ ಘಟ್ಟವನ್ನು ಹತ್ತಿ, ನೂರು ಮೈಲಿಗೂ ಮಿಗಿಲಾದ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿ ಸಾತಾರೆಗೆ ಹೋದನು. ಅಲ್ಲಿನ ಅಧಿಕಾರಿಗಳು ಅವನ ಕುಳ್ಳು ಮೈಕಟ್ಟನ್ನು ನೋಡಿ, ಪರೀಕ್ಷೆಗೆ ಬೇಕಾದ ವಯಸ್ಸು ಇವನಿಗೆ ಆಗಿರಲಾರದೆಂದು ಹಿಂದಕ್ಕೆ ಕಳುಹಿಸಿದರು. ಕೈಯಲ್ಲಿದ್ದ ವಯಸ್ಸಿನ ಪ್ರಮಾಣಪತ್ರವನ್ನೂ ಅವರು ನಂಬಲಿಲ್ಲ.

ಹೀಗೆ ‘ನೀನು ಇನ್ನೂ ಚಿಕ್ಕವನು’ ಎಂದು ತಿರಸ್ಕೃತನಾದ ಅದೇ ವ್ಯಕ್ತಿ ಮೆಟ್ರಿಕ್ಯುಲೇಷನ್ ಮುಗಿಸುವ ಹೊತ್ತಿಗೆ ಸಹಪಾಠಿಗಳ ನಡುವೆ ಹಿರಿಯನಾಗಿದ್ದುದು ವಿಧಿಯ ವಿಚಿತ್ರ. 1881ರಲ್ಲಿ ಅವರು ಮೆಟ್ರಿಕ್ಯುಲೇಷನ್ ತೇರ್ಗಡೆಯಾದಾಗ ಅವರಿಗೆ 23 ವರ್ಷ. ಮದುವೆಯಾಗಿ ಎಷ್ಟೋ ವರ್ಷಗಳು ಕಳೆದಿದ್ದವು. ಮುಂಬಯಿಯಲ್ಲಿ ಮನೆಪಾಠ ಹೇಳಿ ಸಂಪಾದಿಸುತ್ತ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1884ರಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು ಬಿ.ಎ. ಪದವಿ ಪಡೆದರು. ಆಗ ಅವರಿಗೆ 26 ವರ್ಷ. ಮನೆಯಲ್ಲಿ ಪುಟ್ಟ ಮಗನಿದ್ದನು. ಗಣಿತವೆಂದರೆ ಎಳೆಯ ಬುದ್ಧಿಗೇ ಒಲಿಯುವ ವಿದ್ಯೆಯೆಂದು ಹೇಳುವವರು ಇದನ್ನು ಗಮನಿಸಬೇಕು. 1891ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜು ಅವರನ್ನು ಗಣಿತ ಬೋಧಿಸಲು ಕರೆಸಿಕೊಂಡಿತು. ಅಲ್ಲಿ ಅವರು 1914ರವರೆಗೆ ದುಡಿದರು.

ಅದೇ 1891ರಲ್ಲಿ ಅವರ ಪತ್ನಿ ರಾಧಾಬಾಯಿ ತೀರಿಕೊಂಡರು. ಮರುಮದುವೆಯ ಮಾತು ಬಂದಾಗ, ಕನ್ಯೆಯನ್ನು ವರಿಸುವುದಿಲ್ಲವೆಂದು ನಿಶ್ಚಯಿಸಿ, 1893ರಲ್ಲಿ ಗೋದೂಬಾಯಿ ಎಂಬ ವಿಧವೆಯನ್ನು ವರಿಸಿದರು. ಈಕೆಯೂ ತಡವಾಗಿ ಓದಲು ಕುಳಿತವರೇ. ಚಿಕ್ಕಂದಿನಲ್ಲೇ ವೈಧವ್ಯ ಒದಗಿದ ಗೋದೂಬಾಯಿ, 1889ರಲ್ಲಿ ಪಂಡಿತಾ ರಮಾಬಾಯಿಯವರು ತೆರೆದ ಶಾರದಾ ಸದನಕ್ಕೆ ಸೇರಿದಾಗ ಇಪ್ಪತ್ತು ದಾಟಿದ್ದರು. ಆ ಸಂಸ್ಥೆಯ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಈ ವಿವಾಹಕ್ಕಾಗಿ ಮುರುಡದ ಜನ ಕರ್ವೆಯವರಿಗೆ ಬಹಿಷ್ಕಾರ ಹಾಕಿದರು. ಅವರು ಧೃತಿಗೆಡಲಿಲ್ಲ. 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ತೆರೆದರು. 1900ರಲ್ಲಿ ಅದು ಊರ ಹೊರಗಿನ ಹಿಂಗಣೆಗೆ ಹೋಯಿತು. ಕಾಲೇಜಿನಲ್ಲಿ ಪಾಠ ಮುಗಿಸಿ, ಕೆಸರು ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಹಿಂಗಣೆಗೆ ಹೋಗಿ, ಅಲ್ಲಿಯೂ ಪಾಠ ಹೇಳುವುದು ಅವರ ದಿನಚರಿಯಾಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಅನೇಕರು ಶಾಲೆಯ ವಯಸ್ಸು ಮೀರಿದವರು. ಕೆಲವರು ಮಕ್ಕಳ ತಾಯಂದಿರು. 1916ರಲ್ಲಿ, ನಮ್ಮ ಮೈಸೂರು ವಿಶ್ವವಿದ್ಯಾಲಯ ಜನ್ಮತಾಳಿದ ವರ್ಷದಲ್ಲಿಯೇ, ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯವೂ ಹುಟ್ಟಿತು. ಅಲ್ಲಿ ಮಾತೃಭಾಷೆಯೇ ಬೋಧನೆಯ ಮಾಧ್ಯಮ. ಇಂದಿನ ಎಸ್.ಎನ್.ಡಿ.ಟಿ. ವಿಶ್ವವಿದ್ಯಾಲಯ ಅದೇ. 1958ರಲ್ಲಿ, ನೂರು ತುಂಬಿದ ವರ್ಷದಲ್ಲಿ, ಕರ್ವೆಯವರಿಗೆ ಭಾರತರತ್ನ ದೊರೆಯಿತು.

ಗೋದೂಬಾಯಿಯವರ ತಂಗಿ ಪಾರ್ವತೀಬಾಯಿ ಆಠವಲೆಯವರ ಕಥೆ ಇನ್ನೂ ಸ್ವಾರಸ್ಯಕರ. ಎಳೆಯ ಮಗುವಿನೊಂದಿಗೆ ವಿಧವೆಯಾದ ಈಕೆ ಇಪ್ಪತ್ತರ ದಶಕದಲ್ಲಿ ಅಕ್ಕ ಭಾವಂದಿರ ಆಸರೆಯಲ್ಲಿ ಓದಿಗೆ ಕುಳಿತರು. ಮುಂದೆ ಆಶ್ರಮಕ್ಕಾಗಿ ಊರೂರು ಅಲೆದು ದೇಣಿಗೆ ಕೂಡಿಸಿದರು. ಇಂಗ್ಲಿಷ್ ಬಾರದೆಂಬ ಕೊರತೆ ಅವರನ್ನು ಕಾಡುತ್ತಿತ್ತು. 1918ರಲ್ಲಿ, ಐವತ್ತರ ಹೊಸ್ತಿಲಿನಲ್ಲಿ, ಅವರು ಅಮೆರಿಕೆಗೆ ಹೊರಟರು. ಅಲ್ಲಿ ಅನ್ಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತ ಆ ಭಾಷೆಯನ್ನು ಕಲಿತರು.

ಮುಂಬಯಿಯ ರಖ್ಮಾಬಾಯಿಯವರನ್ನು ಬಿಟ್ಟು ಈ ವಿಷಯವನ್ನು ಮುಗಿಸುವಂತಿಲ್ಲ. 1864ರಲ್ಲಿ ಹುಟ್ಟಿದ ಅವರಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಯಿತು. ಗಂಡನ ಮನೆಗೆ ಹೋಗದೆ, ವೈದ್ಯರಾಗಿದ್ದ ಮಲತಂದೆ ಸಖಾರಾಮ ಅರ್ಜುನರ ಮನೆಯಲ್ಲಿದ್ದು ಪುಸ್ತಕಗಳನ್ನು ಓದುತ್ತ ಬೆಳೆದರು. ಪತಿ 1884ರಲ್ಲಿ ನ್ಯಾಯಾಲಯಕ್ಕೆ ಹೋದನು. ಮೊದಲ ತೀರ್ಪು ಆಕೆಯ ಪರವಾಗಿತ್ತು. ಆದರೆ 1887ರಲ್ಲಿ, ಪತಿಯ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸಬೇಕೆಂಬ ತೀರ್ಪು ಬಂದಿತು. ತಿಳುವಳಿಕೆ ಬಾರದ ವಯಸ್ಸಿನಲ್ಲಿ ತಾನು ಒಪ್ಪಿಕೊಳ್ಳದ ಮದುವೆಗಿಂತ ಸೆರೆಮನೆಯೇ ಮೇಲೆಂದು ಆಕೆ ತಿಳಿಸಿದರು. 1888ರಲ್ಲಿ ಪತಿ ಎರಡು ಸಾವಿರ ರೂಪಾಯಿ ಪಡೆದು ಹಕ್ಕು ಬಿಟ್ಟುಕೊಟ್ಟ ಮೇಲೆ ವ್ಯಾಜ್ಯ ಮುಗಿಯಿತು. ಮರುವರ್ಷ, 24ರ ವಯಸ್ಸಿನಲ್ಲಿ, ವೈದ್ಯೆ ಈಡಿತ್ ಪೀಚಿಯವರ ಬೆಂಬಲದಿಂದ ಆಕೆ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು. 1894ರಲ್ಲಿ ವೈದ್ಯೆಯಾಗಿ ಅರ್ಹತೆ ಪಡೆದು, ಸ್ವದೇಶಕ್ಕೆ ಮರಳಿ, ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ದಶಕಗಳ ಕಾಲ ಸ್ತ್ರೀಯರ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದರು. ಇತರರು ತರಗತಿಯಲ್ಲಿ ಕಳೆಯುವ ಪ್ರಾಯವನ್ನು ಆಕೆ ನ್ಯಾಯಾಲಯದ ಕಟ್ಟೆಯಲ್ಲಿ ಕಳೆದಿದ್ದರು. ಆ ವರ್ಷಗಳು ವ್ಯರ್ಥವಾದುವೆಂದು ಯಾರು ಹೇಳಬಲ್ಲರು? ಆ ಮೊಕದ್ದಮೆ ಎಬ್ಬಿಸಿದ ಚರ್ಚೆಯು 1891ರ ಸಮ್ಮತಿ ವಯಸ್ಸಿನ ಕಾಯಿದೆಗೆ ಹಿನ್ನೆಲೆಯಾಯಿತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಅಲ್ಲಿಯವರೆಗೆ ಆ ಭಾಗದ ಕನ್ನಡಿಗರು ಕಾಲೇಜಿಗಾಗಿ ಪುಣೆ, ಮುಂಬಯಿಗಳಿಗೇ ಹೋಗಬೇಕಿತ್ತು. ಹಾಗೆ ಹೋದವರಲ್ಲಿ ದ. ರಾ. ಬೇಂದ್ರೆಯವರೂ ಒಬ್ಬರು. ಅವರು 1918ರಲ್ಲಿ ಬಿ.ಎ. ಪದವಿ ಪಡೆದದ್ದು ಕರ್ವೆಯವರು ಪಾಠ ಹೇಳಿದ್ದ ಅದೇ ಫರ್ಗ್ಯುಸನ್ ಕಾಲೇಜಿನಿಂದ. ಬಳಿಕ ಶಾಲಾ ಮಾಸ್ತರಿಕೆ, ಸಂಸಾರ, ‘ನರಬಲಿ’ ಕವಿತೆಗಾಗಿ ಸೆರೆವಾಸ, ನಿರುದ್ಯೋಗ ಎಲ್ಲವನ್ನೂ ಕಂಡು, 1935ರಲ್ಲಿ, 39ರ ವಯಸ್ಸಿನಲ್ಲಿ ಎಂ.ಎ. ಪದವಿ ಪಡೆದರು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಲು ಆ ಪದವಿಯೇ ದಾರಿ ಮಾಡಿಕೊಟ್ಟಿತು. ನಾಡು ವರಕವಿಯೆಂದು ಕರೆದವರಿಗೂ ಪದವಿಯೊಂದು ಬೇಕಾಗಿತ್ತು. ಅದನ್ನು ಅವರು ತಡವಾಗಿಯಾದರೂ ಗಳಿಸಿದರು.

ಸ್ವಾತಂತ್ರ್ಯಾನಂತರ ನಮ್ಮ ನಗರಗಳಲ್ಲಿ ಸಂಜೆ ಕಾಲೇಜುಗಳು ತೆರೆದುವು. ಹಗಲು ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದವರು ಸಂಜೆ ಪುಸ್ತಕ ಹಿಡಿದರು. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಪಾಠಗಳು ಅಂಚೆಯಲ್ಲಿ ಹಳ್ಳಿಯ ಮನೆಗಳಿಗೇ ಬಂದುವು. ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಗುಮಾಸ್ತರು, ಗೃಹಿಣಿಯರು ಹೀಗೆ ಪದವೀಧರರಾದರು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ನಾನೂ ಈ ಸಾಲಿಗೆ ಸೇರಿದವಳೆಂಬುದು ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಮದುವೆಯಾಗಿ, ಆರು ವರ್ಷಗಳ ಬಳಿಕ ಪಿಯುಸಿಗೆ ಅರ್ಜಿ ಹಾಕಿದೆ. ಗುಮಾಸ್ತರೊಬ್ಬರು ಅರ್ಜಿಯನ್ನು ತಿರುವಿ ನೋಡಿ, “ಈ ಆರು ವರ್ಷ ಏನು ಮಾಡುತ್ತಿದ್ದಿರಿ? ಅದನ್ನು ಬರೆದುಕೊಡಿ” ಎಂದರು. ಆ ಆರು ವರ್ಷಗಳಲ್ಲಿ ಒಂದು ಮಗುವನ್ನು ಹೆತ್ತಿದ್ದೆ, ಹಾಸಿಗೆ ಹಿಡಿದ ಮಾವನವರ ಆರೈಕೆ ಮಾಡಿದ್ದೆ, ಮೈದುನನ ಶಾಲೆಯ ಪುಸ್ತಕಗಳನ್ನೆಲ್ಲ ಅವನಿಗಿಂತ ಮೊದಲು ಓದಿ ಮುಗಿಸಿದ್ದೆ. ಕಾಗದದ ಮೇಲೆ ‘ಗೃಹಕೃತ್ಯ’ ಎಂದಷ್ಟೇ ಬರೆದೆ. ಸಹಪಾಠಿಗಳು ನನ್ನನ್ನು ‘ಅಕ್ಕ’ ಎಂದರು. ಪರೀಕ್ಷೆ ಹತ್ತಿರವಾದಾಗ ನನ್ನ ಟಿಪ್ಪಣಿ ಪುಸ್ತಕವನ್ನೇ ಕೇಳಿಕೊಂಡು ಬಂದರು. ಹಿರಿಯ ವಿದ್ಯಾರ್ಥಿಗೆ ಪಾಠದ ಬೆಲೆ ಗೊತ್ತಿರುತ್ತದೆ. ತರಗತಿಗೆ ಬರಲು ಮನೆಯಲ್ಲಿ ಏನೇನು ಹೊಂದಿಸಿ ಬಂದಿರುತ್ತೇವೆಂಬುದು ನಮಗೇ ಗೊತ್ತು.

ಆದರೆ ಒಂದು ಮಾತನ್ನು ಮರೆಮಾಚಬಾರದು. ತಡವಾಗಿ ಓದುವವರ ಹೊರೆಯನ್ನು ಬೇರೊಬ್ಬರೂ ಹೊರುತ್ತಾರೆ. ಕರ್ವೆಯವರ ಜೀವನಚರಿತ್ರೆಯಲ್ಲಿ ರಾಧಾಬಾಯಿಯವರಿಗೆ ದೊರೆಯುವ ಪುಟಗಳು ಕೆಲವೇ. ಪತಿ ಓದುತ್ತಿದ್ದಾಗ ಬಡತನದ ಸಂಸಾರವನ್ನೂ ಮಗುವನ್ನೂ ನೋಡಿಕೊಂಡವರು ಆಕೆ. ಅವರ ಕೀರ್ತಿಯ ದಿನಗಳನ್ನು ಆಕೆ ಕಾಣಲಿಲ್ಲ. ನನ್ನ ಪಾಲಿಗೆ ಆ ಹೊರೆಯನ್ನು ಹೊತ್ತವರು ನನ್ನ ಅತ್ತೆಯವರು. ಅಕ್ಷರ ಬಾರದ ಅವರು ಮೊಮ್ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಒಲೆಯ ಮುಂದೆ ನಿಂತಿರದಿದ್ದರೆ ನಾನು ಬಿ.ಎ., ಬಿ.ಎಡ್. ಮುಗಿಸುತ್ತಿರಲಿಲ್ಲ.

ಚರಿತ್ರೆಯು ಉಪದೇಶ ಮಾಡುವುದಿಲ್ಲ, ಉದಾಹರಣೆಗಳನ್ನು ಮಾತ್ರ ಕೊಡುತ್ತದೆ. ಮೇಲಿನ ಉದಾಹರಣೆಗಳಲ್ಲಿ ನನಗೆ ಎದ್ದು ಕಾಣುವ ಸಮಾನ ಅಂಶವೊಂದಿದೆ. ತಡವಾಗಿ ಒಳಗೆ ಬಂದ ಇವರಲ್ಲಿ ಹೆಚ್ಚಿನವರು ತಮ್ಮ ಹಿಂದೆ ಬರುವವರಿಗಾಗಿ ಬಾಗಿಲನ್ನು ತೆರೆದಿಟ್ಟರು. ಹೊರಗೆ ನಿಂತು ಕಾದವರಿಗೆ ಬಾಗಿಲಿನ ಬೆಲೆ ಚೆನ್ನಾಗಿ ತಿಳಿದಿರುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಬಡತನದಿಂದಲೋ ಮದುವೆಯಿಂದಲೋ ಓದು ನಿಲ್ಲಿಸಿದವರು ಬಹಳ ಮಂದಿ ಇದ್ದೀರಿ. ಮತ್ತೆ ಓದುವ ಆಸೆಯಿದ್ದವರು ಪ್ರವೇಶದ ಅರ್ಜಿಯನ್ನು ತರಿಸಿಕೊಳ್ಳಿ, ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿಗಳನ್ನು ಹುಡುಕಿ ಒಂದೆಡೆ ಇಡಿ. ನೀವೇ ಓದಲಾಗದಿದ್ದರೆ ಸೊಸೆಗೋ ತಂಗಿಗೋ ಆ ಅವಕಾಶವನ್ನು ಮಾಡಿಕೊಡಿ. ಅವಳ ಮಗುವನ್ನು ಎರಡು ತಾಸು ಎತ್ತಿಕೊಳ್ಳಿ. ವಿದ್ಯಾಪ್ರಸಾರವೆಂಬ ದೊಡ್ಡ ಮಾತಿನ ಬಹುಪಾಲು ಕೆಲಸ ನಡೆದಿರುವುದು ಹೀಗೆಯೇ.