ಬೆಣಕಲ್ ಕಾಡಿನ ಕಲ್ಲುಮನೆಗಳು

ಹಂಪಿಗೆ ಹೋಗಿ ಬಂದವರು ನಮ್ಮಲ್ಲಿ ಬಹಳ ಮಂದಿ ಸಿಗುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಹಿರೇಬೆಣಕಲ್ಲನ್ನು ಕಂಡವರು ಮಾತ್ರ ಕಡಿಮೆ. ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಈ ಊರಿನ ಬಳಿ ಗುಡ್ಡಗಳ ಸಾಲೊಂದಿದೆ. ಬಂಡೆಗಳ ಸಂದಿಯಲ್ಲಿ, ಮುಳ್ಳುಕಂಟಿಗಳ ನಡುವೆ ಹತ್ತಿ ಹೋದರೆ ಕಾಡಿನ ಮಧ್ಯೆ ಕಲ್ಲಿನ ಊರೊಂದು ಎದುರಾಗುತ್ತದೆ. ಅದು ಸತ್ತವರಿಗಾಗಿ ಕಟ್ಟಿದ ಊರು.

ಇಲ್ಲಿ ಸುಮಾರು 400 ಶಿಲಾ ರಚನೆಗಳಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಮನೆಗಳು ಕೆಲವು; ನಾಲ್ಕನೆಯ ಚಪ್ಪಡಿಯನ್ನೂ ನಿಲ್ಲಿಸಿ ಅದರಲ್ಲಿ ದುಂಡನೆಯ ಕಿಂಡಿ ಕೊರೆದವು ಇನ್ನು ಕೆಲವು. ಗುಂಡುಗಳನ್ನು ಸುತ್ತ ಜೋಡಿಸಿದ ಶಿಲಾವೃತ್ತಗಳೂ ಇವೆ. ಕೆಲವು ಕಲ್ಲುಮನೆಗಳು ಆಳೆತ್ತರವನ್ನು ಮೀರಿವೆ. ಇವುಗಳ ಕಾಲವನ್ನು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ 200ರ ನಡುವೆ ಎಂದು ಹೇಳುತ್ತಾರೆ. ಕಲ್ಲು ತೆಗೆದ ಜಾಗವೇ ಮುಂದೆ ಕೆರೆಯಾಯಿತು. ದೊಡ್ಡ ಬಂಡೆಯೊಂದರ ನೆತ್ತಿಯಲ್ಲಿ ನಗಾರಿಯಾಕಾರದ ಗುಂಡೊಂದಿದೆ. ಬಡಿದರೆ ದೂರದವರೆಗೂ ಸದ್ದು ಕೇಳಿಸುತ್ತದೆ.

ಜನ ಇದನ್ನು ಮೊರೆಯರ ಗುಡ್ಡ ಎನ್ನುತ್ತಾರೆ. ಮೊರೆಯರು ಕುಳ್ಳರು, ಆದರೆ ಮಹಾ ಬಲಶಾಲಿಗಳು. ಬೆಂಕಿಮಳೆಗೆ ಸಿಕ್ಕಿ ಅಳಿದುಹೋದರು ಎಂಬ ಕಥೆಯೂ ಇದೆ. ಹೆಸರು ಕೇಳಿ ಮೌರ್ಯರನ್ನು ನೆನೆಯುವವರಿದ್ದಾರೆ. ಆದರೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳು ಕ್ರಿ.ಪೂ. ಮೂರನೆಯ ಶತಮಾನದವು. ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಈ ಜನ ಕಲ್ಲು ಎತ್ತಿ ನಿಲ್ಲಿಸತೊಡಗಿದ್ದರು.

ಅವರು ತಮ್ಮ ಬಗ್ಗೆ ಏನನ್ನೂ ಬರೆದಿಡಲಿಲ್ಲ. ಆದರೆ ಸತ್ತವರನ್ನು ಹೇಗೆ ಕಾಣುತ್ತಿದ್ದರು ಎಂಬುದನ್ನು ಇಂಥ ಇನ್ನೊಂದು ನೆಲೆಯ ಅಗೆತದಿಂದ ತಿಳಿಯಬಹುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಶಿಲಾವೃತ್ತಗಳನ್ನು ಅಗೆಸಿದರು. ಒಳಗಿನ ಕಲ್ಲುಕೋಣೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಉಪಕರಣಗಳು ಸಿಕ್ಕವು. ದೇಹ ಕರಗಿದ ಮೇಲೆ ಉಳಿದ ಮೂಳೆಗಳನ್ನು ಆಯ್ದು ತಂದು, ದಿನಬಳಕೆಯ ವಸ್ತುಗಳೊಂದಿಗೆ ಇಟ್ಟಿದ್ದರು. ಸತ್ತವರ ಕುರಿತ ಜವಾಬ್ದಾರಿ ಅವರಿಗೆ ಒಂದೇ ದಿನದಲ್ಲಿ ಮುಗಿಯುತ್ತಿರಲಿಲ್ಲ.

ನಮ್ಮ ಜವಾಬ್ದಾರಿಯನ್ನು ನಾವು ಹೇಗೆ ನಿರ್ವಹಿಸಿದ್ದೇವೆ? ನಿಧಿಯ ಆಸೆಗೆ ಇಂಥ ಗೋರಿಗಳನ್ನು ಅಗೆದು, ಚಪ್ಪಡಿಗಳನ್ನು ಉರುಳಿಸಿದವರಿದ್ದಾರೆ. ಒಳಗಿದ್ದುದು ಮಡಕೆ, ಮೂಳೆ, ಮಣ್ಣು ಮಾತ್ರ. ಒಮ್ಮೆ ಕದಡಿದ ಮಣ್ಣಿನ ಪದರವನ್ನು ಯಾವ ತಜ್ಞರೂ ಮತ್ತೆ ಓದಲಾರರು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಗೌರವ ದೊಡ್ಡದೇ, ಆದರೆ ಪಟ್ಟಿಯೊಂದೇ ಕಾಡಿನ ಗೋರಿಗಳನ್ನು ಕಾಯಲಾರದು.

ಈ ನೆಲದ ಮೂಲ ವಾರಸುದಾರರು ಯಾರು ಎಂದು ನಾವು ಇಂದಿಗೂ ಜಗಳವಾಡುತ್ತೇವೆ. ಮೊರೆಯರ ಗುಡ್ಡದಲ್ಲಿ ನಿಂತರೆ ಆ ಜಗಳ ಸಣ್ಣದಾಗಿ ಕಾಣುತ್ತದೆ. ಅಲ್ಲಿರುವವರ ಭಾಷೆ, ಜಾತಿ, ದೇವರು ಯಾವುವೆಂದು ಹೇಳಬಲ್ಲವರಿಲ್ಲ. ಅವರು ನಮ್ಮವರೆಂದು ಯಾರೊಬ್ಬರೂ ಪ್ರತ್ಯೇಕ ಹಕ್ಕು ಸಾಧಿಸುವಂತಿಲ್ಲ. ಹಾಗಾಗಿಯೇ ಆ ಗೋರಿಗಳನ್ನು ಕಾಪಾಡುವ ಹೊಣೆ ನಮ್ಮೆಲ್ಲರದು.