ಶಾಲೆ ಸರ್ಕಾರದ್ದು, ಮಗು ಯಾರದ್ದು?

ವೀಕ್ಷಕರೇ, ನಿಮ್ಮೂರಿನ ಶಾಸಕರು ಯಾರು ಅಂತ ಕೇಳಿದರೆ ಥಟ್ಟನೆ ಹೇಳ್ತೀರಿ. ನಿಮ್ಮೂರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಯಾರು? ಆ ಸಮಿತಿಯ ಸಭೆ ಕೊನೆಯ ಸಲ ನಡೆದದ್ದು ಯಾವಾಗ? ಆ ಸಭೆಯಲ್ಲಿ ಯಾರಾದರೂ ಮಕ್ಕಳ ಹಾಜರಿ ಪುಸ್ತಕ ತರಿಸಿ, ತೆರೆದು, "ಈ ಹುಡುಗಿ ಹತ್ತು ದಿನದಿಂದ ಯಾಕೆ ಬಂದಿಲ್ಲ?" ಅಂತ ಕೇಳಿದರಾ?

ಉತ್ತರ ಗೊತ್ತಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಬಹಳ ಜನರಿಗೆ ಗೊತ್ತಿಲ್ಲ. ಆದರೆ ಈ ಪ್ರಶ್ನೆಯನ್ನು ನಾನು ರಾಯಚೂರು, ದೇವದುರ್ಗ, ಮಾನ್ವಿಯನ್ನು ಮುಂದಿಟ್ಟುಕೊಂಡು ಕೇಳುವುದಕ್ಕೆ ಕಾರಣವಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದಾಗ ರಾಯಚೂರು ಜಿಲ್ಲೆ ಶೇ. 60ನ್ನೂ ಮುಟ್ಟಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಕ್ಷರ ಬರುತ್ತಿರಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ದೇವದುರ್ಗ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿತ್ತು. "ಹಿಂದುಳಿದ ಜಿಲ್ಲೆ" ಅನ್ನೋ ಹಣೆಪಟ್ಟಿ ಅಂಟಿಸಿ ಸುಮ್ಮನಾಗುವುದು ಸುಲಭ. ನಾನು ಹೇಳಬೇಕಾಗಿರೋದು ಬೇರೆ. ಈ ನೆಲಕ್ಕೆ ಶಾಲೆ ತಡವಾಗಿ ಬಂತು, ನಿಜ. ಶಾಲೆಯನ್ನು ಪ್ರಶ್ನೆ ಮಾಡುವ ಹಕ್ಕು ಅದಕ್ಕಿಂತಲೂ ತಡವಾಗಿ ಬಂತು. ಆ ಎರಡನೆಯ ತಡದ ಬೆಲೆಯನ್ನು ಮಕ್ಕಳು ಇವತ್ತಿಗೂ ಕೊಡ್ತಾ ಇದ್ದಾರೆ.

ಸ್ವಲ್ಪ ಹಿಂದಕ್ಕೆ ಹೋಗೋಣ.

1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮನೆಯಲ್ಲಿ ಕನ್ನಡ, ಪಕ್ಕದ ಗದ್ವಾಲ, ಆಲಂಪುರದ ಕಡೆ ತೆಲುಗು, ಆದರೆ ಕಚೇರಿಯ ಭಾಷೆ ಉರ್ದು, ಮೇಲಿನ ಓದಿನ ಭಾಷೆಯೂ ಉರ್ದು. ಖಾಸಗಿಯಾಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಅನುಮತಿ ಬೇಕು. ಶಾಲೆ ಅಂದರೆ ಮೇಲಿನಿಂದ ಬರುವ ವಸ್ತು. ಅದು ಬಂದರೆ ಕೈಮುಗಿಯಬೇಕು, ಬಾರದಿದ್ದರೆ ಸುಮ್ಮನಿರಬೇಕು.

ಅದೇ ಕಾಲದಲ್ಲಿ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳಲ್ಲಿ ಏನಾಗ್ತಿತ್ತು? 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದು ಪ್ರಾಥಮಿಕ ಶಾಲೆಗಳ ಉಸ್ತುವಾರಿ ಜಿಲ್ಲಾ ಲೋಕಲ್ ಬೋರ್ಡುಗಳ ಕೈಗೆ ಹೋಯಿತು. ಬೋರ್ಡಿಗೆ ಚುನಾವಣೆ, ಚುನಾವಣೆಗೆ ಜಗಳ, ಜಗಳದಲ್ಲಿ ಶಾಲೆಯ ಲೆಕ್ಕ ಹೊರಗೆ. ಆ ಬೋರ್ಡುಗಳು ದೇವಲೋಕದಿಂದ ಇಳಿದು ಬಂದವಲ್ಲ, ಅಲ್ಲೂ ಜಾತಿ, ಗುಂಪು, ದುಡ್ಡು ಎಲ್ಲಾ ಇತ್ತು. ಆದರೂ "ನಮ್ಮೂರ ಸಾಲಿಗೆ ಮಾಸ್ತರ್ ಯಾಕ ಬಂದಿಲ್ಲ?" ಅಂತ ಕೇಳಬಹುದಾದ ಒಬ್ಬ ಮನುಷ್ಯ ಜಿಲ್ಲೆಯೊಳಗೇ ಇದ್ದ. ಅವನಿಗೆ ಮುಂದಿನ ಸಲ ಓಟು ಬೇಕಿತ್ತು. ರಾಯಚೂರಿನವರಿಗೆ ಆ ಅಭ್ಯಾಸ ಆಗುವ ಅವಕಾಶವೇ ಸಿಗಲಿಲ್ಲ.

ಹಾಗಂತ ಇಲ್ಲಿಯ ಜನ ಕೈಕಟ್ಟಿ ಕೂತಿದ್ದರು ಅಂದುಕೊಳ್ಳಬೇಡಿ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಮಂಗಳೂರು ಮೂಲದ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ಆ ಹೆಸರನ್ನು ಗಮನಿಸಿ. ಹಮ್‌ದರ್ದ್ ಅಂದರೆ ನೋವಿನಲ್ಲಿ ಜೊತೆಯಾಗುವವನು. ಶಾಲೆಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ. ಆದರೆ ಇವು ದೀಪದ ಕಂಬಗಳು. ಕಂಬದಿಂದ ನೂರು ಹೆಜ್ಜೆ ಆಚೆ ಕತ್ತಲೆ ಹಾಗೇ ಇತ್ತು.

1956ರ ನವೆಂಬರ್ 1. ರಾಯಚೂರು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಶಾಲೆಗಳು ಹೆಚ್ಚಾದವು, ಕನ್ನಡ ಬಂತು, ಮಾಸ್ತರು ಬಂದರು. ಅಧಿಕಾರ ಮಾತ್ರ ಹೈದರಾಬಾದಿನಿಂದ ಬೆಂಗಳೂರಿಗೆ ಜಾಗ ಬದಲಿಸಿತು. ಕೇಳುವವನು ಊರಲ್ಲಿ, ಉತ್ತರ ಕೊಡುವವನು ವಿಧಾನಸೌಧದಲ್ಲಿ. ಮಧ್ಯೆ ನೂರಾರು ಕಿಲೋಮೀಟರ್.

ಈ ದೂರವನ್ನು ಕಡಿಮೆ ಮಾಡಲು ಮೊದಲ ಗಟ್ಟಿ ಪ್ರಯತ್ನ ಮಾಡಿದವರು ಅಬ್ದುಲ್ ನಜೀರ್ ಸಾಬ್. ಜನ ಅವರನ್ನು ನೀರ್ ಸಾಬ್ ಅಂತ ನೆನಪಿಟ್ಟುಕೊಂಡಿದ್ದಾರೆ. ಅವರ ದೊಡ್ಡ ಕೆಲಸ ಬೋರ್‌ವೆಲ್ ಮಾತ್ರ ಅಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು ಪ್ರಾಥಮಿಕ ಶಾಲೆಗಳ ಆಡಳಿತ ಜಿಲ್ಲೆಯ ಚುನಾಯಿತರ ಎದುರಿಗೆ ಬಂತು. ಮುಂದೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸೌಕರ್ಯ ಸಮಿತಿ ಇರಬೇಕು, ಶಿಕ್ಷಣ ಅದರ ಕೆಲಸ ಅಂತ ಬರೆಯಲಾಯಿತು. ಬರೆದದ್ದು ಚೆನ್ನಾಗಿಯೇ ಇತ್ತು. ಪಂಚಾಯಿತಿ ಸಭೆಯಲ್ಲಿ ಮಾತ್ರ ಚರಂಡಿ, ಬೀದಿ ದೀಪ, ಮನೆ ಹಂಚಿಕೆ ಮುಗಿದ ಮೇಲೆ ಶಾಲೆಗೆ ಸಮಯವೇ ಉಳಿಯಲಿಲ್ಲ.

ಆಮೇಲೆ ಬಂದದ್ದು 2001. ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಸರ್ಕಾರ ಪ್ರತಿ ಶಾಲೆಗೂ ಒಂದು ಸಮಿತಿ ಮಾಡಿತು. ಪೂರ್ತಿ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದೇ ಎಸ್‌ಡಿಎಂಸಿ. ದಯವಿಟ್ಟು ಈ ಹೆಸರನ್ನು ಎರಡು ತುಂಡು ಮಾಡಿ ನೋಡಿ. ಅಭಿವೃದ್ಧಿ ಒಂದು, ಮೇಲುಸ್ತುವಾರಿ ಇನ್ನೊಂದು. ನಾವು ಮೊದಲನೆಯದನ್ನು ಹಿಡಿದುಕೊಂಡೆವು. ಕಾಂಪೌಂಡು, ಬಣ್ಣ, ಸ್ವಾತಂತ್ರ್ಯ ದಿನದ ಸಿಹಿ, ಬೆಂಚು ಕೊಟ್ಟವರ ಹೆಸರಿನ ಕಲ್ಲು. ಎರಡನೆಯದನ್ನು, ಅಂದರೆ ಕಣ್ಣಿಟ್ಟು ನೋಡುವ ಕೆಲಸವನ್ನು, ಮಡಚಿ ಬೀರುವಿನಲ್ಲಿ ಇಟ್ಟೆವು.

2009ರ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. 2010ರ ಏಪ್ರಿಲ್ 1ರಿಂದ ಜಾರಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಅದೇ ಕಾಯ್ದೆಯ 32ನೇ ಕಲಂ ಓದಿ. ಮಗುವಿನ ಹಕ್ಕಿನ ಬಗ್ಗೆ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ನಿಜಾಮರ ಕಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಮುತ್ತಜ್ಜನ ಮರಿಮಗಳಿಗೆ ಕಾನೂನು ಇಷ್ಟು ಕೊಟ್ಟಿದೆ. ಬಳಸಿದವರು ಎಷ್ಟು ಜನ?

ಈಗ ನೀವು ಕೇಳಬಹುದು: ಸ್ವಾಮಿ, ಸಮಿತಿ ಸಭೆಗೂ ಮಕ್ಕಳ ರಕ್ಷಣೆಗೂ ಏನು ಸಂಬಂಧ? ಅದಕ್ಕೆ ಪೊಲೀಸರಿದ್ದಾರೆ, ಇಲಾಖೆ ಇದೆ, 1098 ಇದೆ.

ಸಂಬಂಧ ಹಾಜರಿ ಪುಸ್ತಕದಲ್ಲಿದೆ. ಮಾನ್ವಿ, ದೇವದುರ್ಗ, ರಾಯಚೂರು ಕಡೆ ಮಳೆಗಾಲ ಮುಗಿಯುತ್ತಿದ್ದಂತೆ ಹತ್ತಿ ಬಿಡಿಸುವ ಕಾಲ ಬರುತ್ತದೆ. ಆಮೇಲೆ ಮೆಣಸಿನಕಾಯಿ. ಬೆಳಿಗ್ಗೆ ಬೆಳಿಗ್ಗೆ ಟಂಟಂ, ಕ್ರೂಸರ್‌ಗಳಲ್ಲಿ ಕೂಲಿಯವರ ಜೊತೆ ಮಕ್ಕಳೂ ಹೊರಡುತ್ತಾರೆ. ಇನ್ನು ಕೆಲವು ಮನೆಗಳು ಬೀಗ ಹಾಕಿ ಗುಳೆ ಹೋಗುತ್ತವೆ. ತರಗತಿಯಲ್ಲಿ ಮೊದಲು ಒಂದು ಹುಡುಗಿ ಕಾಣುವುದಿಲ್ಲ, ಆಮೇಲೆ ಅವಳ ತಮ್ಮ. ಪುಸ್ತಕದಲ್ಲಿ ಹೆಸರಿನ ಮುಂದೆ ಗೈರು, ಗೈರು, ಗೈರು. ಅಷ್ಟೇ. ಬಾಲಕಾರ್ಮಿಕತನ ಮೊದಲು ಕಾಣಿಸುವುದು ಅಲ್ಲಿ. ಬಾಲ್ಯವಿವಾಹ ಮೊದಲು ಕಾಣಿಸುವುದೂ ಅಲ್ಲೇ. ಎಂಟನೇ ತರಗತಿಯ ಹುಡುಗಿ ಯುಗಾದಿಯ ಹಿಂದೆಮುಂದೆ ಏಕಾಏಕಿ ಶಾಲೆ ಬಿಟ್ಟರೆ ಅದರ ಅರ್ಥ ಊರಲ್ಲಿ ಎಲ್ಲರಿಗೂ ಗೊತ್ತು. ಜಿಲ್ಲಾಧಿಕಾರಿಗೆ ಗೊತ್ತಾಗುವುದು ತಾಳಿ ಬಿದ್ದ ಮೇಲೆ. ಪಕ್ಕದ ಮನೆಯ ತಾಯಿಗೆ ಗೊತ್ತಾಗುವುದು ಎರಡು ವಾರ ಮೊದಲೇ. ಆ ತಾಯಿ ಸಮಿತಿಯ ಸದಸ್ಯೆಯಾಗಿದ್ದರೆ? ಅವಳಿಗೆ ಮಾತಾಡುವ ಧೈರ್ಯ ಇದ್ದರೆ?

ಈ ಜಿಲ್ಲೆಯೇ ದೇಶಕ್ಕೆ ಒಂದು ದಾರಿ ತೋರಿಸಿದೆ ಅನ್ನೋದನ್ನೂ ಹೇಳಬೇಕು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದವರು ಶಿವರಾಜ ವಿ. ಪಾಟೀಲರು. ಬಾಲ್ಯವಿವಾಹ ತಡೆ ಕುರಿತ ರಾಜ್ಯದ ಸಮಿತಿಗೆ ಅವರೇ ಮುಖ್ಯಸ್ಥರು, 2011ರಲ್ಲಿ ವರದಿ ಕೊಟ್ಟರು. ಮುಂದೆ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಘೋಷಿಸಿತು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಕರ್ನಾಟಕದ ಈ ತಿದ್ದುಪಡಿಯನ್ನು ಮೆಚ್ಚಿ ಮಾತಾಡಿತು. ಕಾನೂನು ದಿಲ್ಲಿಯಲ್ಲಿ ಹೊಗಳಿಸಿಕೊಂಡಿತು. ಊರಿನ ನಡಾವಳಿ ಪುಸ್ತಕದಲ್ಲಿ ಅದು ಇನ್ನೂ ಬರಬೇಕಾಗಿದೆ.

ನಡಾವಳಿ ಪುಸ್ತಕ ಅಂದೆ. ಕೆಲವು ಕಡೆ ಅದರ ಕಥೆ ಹೇಗಿರುತ್ತೆ ಗೊತ್ತಾ? ಸಭೆ ನಡೆಯುವುದಿಲ್ಲ, ಪುಸ್ತಕ ಮನೆಮನೆಗೆ ನಡೆಯುತ್ತದೆ. ಹೊಲದಿಂದ ಬಂದ ಹೆಣ್ಣುಮಗಳ ಕೈಗೆ ಪೆನ್ನು ಕೊಟ್ಟು "ಇಲ್ಲೊಂದು ಸಹಿ ಮಾಡಬೇ" ಅಂತಾರೆ. ಮಾಡುತ್ತಾಳೆ. ಮಹಿಳೆಯರ ಪಾಲು ಅರ್ಧ, ಭರ್ತಿ. ಕಾಗದದಲ್ಲಿ ಕೋರಂ ಸರಿಯಿದೆ. ಮೇಲುಸ್ತುವಾರಿ ಮಾತ್ರ ಇಲ್ಲ.

ಇದರ ಫಲವನ್ನು ಇಡೀ ರಾಜ್ಯ 2011ರಲ್ಲಿ ನೋಡಿತು. ರಾಯಚೂರು ಜಿಲ್ಲೆಯ, ಅದರಲ್ಲೂ ದೇವದುರ್ಗದ ಅಪೌಷ್ಟಿಕ ಮಕ್ಕಳ ಚಿತ್ರಗಳು ಟಿ.ವಿ.ಗಳಲ್ಲಿ ಬಂದವು. ಎಲುಬು ಎಣಿಸಬಹುದಾದ ಮಕ್ಕಳು. ವಿಷಯ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಬಂತು. ನನ್ನ ಪ್ರಶ್ನೆ ಇಷ್ಟೇ. ಆ ಮಕ್ಕಳು ಕ್ಯಾಮೆರಾ ಬಂದ ದಿನ ಸೊರಗಿದವರಲ್ಲ. ತಿಂಗಳುಗಟ್ಟಲೆ ಅಂಗನವಾಡಿಯ ತಕ್ಕಡಿಯಲ್ಲಿ ಕೂತವರು. ತೂಕ ಬರೆದವರು ಇದ್ದರು. ಬರೆದ ತೂಕವನ್ನು ಓದಿ ಪಂಚಾಯಿತಿಯಲ್ಲಿ ಎದ್ದು ನಿಂತು ಕೇಳುವವರು ಇರಲಿಲ್ಲ.

ಇನ್ನು ಖಾಸಗಿ ಶಾಲೆ. ಇಲ್ಲಿ ಕಾನೂನಿನಲ್ಲೇ ಒಂದು ಕಿಂಡಿ ಇದೆ. ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಪೋಷಕರ ಸಮಿತಿ ಅನುದಾನರಹಿತ ಖಾಸಗಿ ಶಾಲೆಗೆ ಅನ್ವಯಿಸುವುದಿಲ್ಲ. ಹೊಟ್ಟೆ ಕಟ್ಟಿ ಫೀಸು ಕಟ್ಟುವ ತಂದೆಗೆ, ಪುಕ್ಕಟೆ ಶಾಲೆಯ ತಂದೆಗಿರುವ ಕುರ್ಚಿಯೂ ಇಲ್ಲ. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಪ್ರಾಣ ಬಿಟ್ಟರು, ಹಲವರು ಗಾಯಗೊಂಡರು. ತಪ್ಪು ಯಾರದು ಅನ್ನೋದು ತನಿಖೆಗೆ ಬಿಟ್ಟ ವಿಷಯ, ನಾನು ಯಾರ ಕಡೆಗೂ ಬೆರಳು ತೋರಿಸುವುದಿಲ್ಲ. ಆದರೆ ಮಕ್ಕಳು ಹೋಗುವ ರಸ್ತೆ, ಹತ್ತುವ ಗಾಡಿ, ಒಂದು ಗಾಡಿಯಲ್ಲಿ ಎಷ್ಟು ಮಕ್ಕಳು, ಈ ಮಾತುಗಳು ಅವಘಡ ಆದ ಮಾರನೇ ದಿನ ಎಲ್ಲರ ಬಾಯಲ್ಲೂ ಬರುತ್ತವೆ. ಹಿಂದಿನ ತಿಂಗಳ ಸಭೆಯಲ್ಲಿ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಮೌನ ಇನ್ನೂ ದಟ್ಟ. 2012ರ ಪೋಕ್ಸೋ ಕಾಯ್ದೆ ಸ್ಪಷ್ಟವಾಗಿದೆ. ಗೊತ್ತಿದ್ದವರು ದೂರು ಕೊಡಲೇಬೇಕು. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಆದರೂ "ಸಾಲಿ ಮರ್ಯಾದಿ ಹೋಗ್ತದ, ಹುಡುಗಿ ಮರ್ಯಾದಿ ಹೋಗ್ತದ, ಊರಾಗೇ ಬಗಿಹರಿಸೋಣ" ಅನ್ನೋ ಪಂಚಾಯಿತಿ ಕಟ್ಟೆಯ ಮೇಲೆ ಕೂಡುತ್ತದೆ. ಆ ಕಟ್ಟೆಗೆ ಕಾನೂನಿನಲ್ಲಿ ಜಾಗವಿಲ್ಲ. ಚುನಾಯಿತ ಪಂಚಾಯಿತಿಗೆ ಜಾಗವಿದೆ, ಅದು ಬಾಯಿ ಬಿಡುವುದಿಲ್ಲ. ಕೇಳಬೇಕಾದವರು ಸುಮ್ಮನಿದ್ದಾಗ, ಕೇಳಬಾರದವರು ತೀರ್ಪು ಕೊಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಹೊಸ ಕಾನೂನು ಬೇಡ. ದುಡ್ಡೂ ಬರುತ್ತಿದೆ. 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದ ವರ್ಷಗಳೂ ಇವೆ. ಕೊಠಡಿ ಕಟ್ಟಬಹುದು. ಕೊಠಡಿ ಹಾಜರಿ ಪುಸ್ತಕ ಓದುವುದಿಲ್ಲ, ಮನುಷ್ಯ ಓದಬೇಕು.

ನಾನು ಕೇಳುವುದು ಮೂರೇ. ಒಂದು, ಎಸ್‌ಡಿಎಂಸಿ ಸಭೆಯ ಮೊದಲ ವಿಷಯ ಕಾಂಪೌಂಡ್ ಅಲ್ಲ, ಸತತವಾಗಿ ಒಂದು ವಾರ ಬಾರದ ಮಕ್ಕಳ ಹೆಸರು. ಎರಡು, ಗ್ರಾಮ ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡುತ್ತಾರಲ್ಲ, ಅಲ್ಲಿ ಭಾಷಣ ಕಡಿಮೆ ಮಾಡಿ ಮಕ್ಕಳಿಗೆ ಮೈಕ್ ಕೊಡಿ. ಹುಡುಗಿಯರು ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಅಂದರೆ ನಗಬೇಡಿ, ಬರೆದುಕೊಳ್ಳಿ. ಮುಂದಿನ ವರ್ಷ ಅದೇ ಸಭೆಯಲ್ಲಿ ಆ ಪಟ್ಟಿಯನ್ನೇ ಮೊದಲು ಓದಿ. ಮೂರು, ರಾಯಚೂರು ನಗರದ ವಾರ್ಡು ಸದಸ್ಯರೇ, ನಿಮಗೆ ನಿಮ್ಮ ವಾರ್ಡಿನ ಟ್ಯಾಂಕರ್ ಎಷ್ಟು ಗೊತ್ತು. ನಿಮ್ಮ ವಾರ್ಡಿನಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು ಅಂತಲೂ ಗೊತ್ತಿರಲಿ.

ನಿಜಾಮರ ಕಾಲದ ರಾಯಚೂರಿಗೆ ಕೇಳುವ ಹಕ್ಕು ಇರಲಿಲ್ಲ, ಅದು ಇತಿಹಾಸದ ಅನ್ಯಾಯ. ಹಕ್ಕು ಕೈಗೆ ಬಂದ ಮೇಲೂ ಕೇಳದಿದ್ದರೆ ಅದನ್ನು ಇತಿಹಾಸದ ತಲೆಗೆ ಕಟ್ಟಲು ಬರುವುದಿಲ್ಲ. ಈ ತಿಂಗಳ ಸಭೆ ಯಾವಾಗ ಅಂತ ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ ಹೆಡ್ ಮಾಸ್ತರರನ್ನು ಕೇಳಿ. ಆ ಹುಡುಗಿ ಹತ್ತಿ ಹೊಲದಲ್ಲಿದ್ದಾಳೋ, ಮದುವೆ ಹಂದರದಲ್ಲಿದ್ದಾಳೋ, ಅವಳ ಹೆಸರು ಇನ್ನೂ ಹಾಜರಿ ಪುಸ್ತಕದಲ್ಲಿದೆ.